ಮಾವ ಹಣೆ ಒಣಗಿಸಿಕೊಂಡಿದ್ದು

ನಮ್ಮ ಸೋದರಮಾವನದು ವಾಚ್ ರಿಪೇರಿ. ಪುಟ್ಟ ಭೂತಗನ್ನಡಿಯನ್ನು ಕಣ್ಣಿನ ಗುಳಿಗೆ ಸಿಕ್ಕಿಸಿ, ಹುಬ್ಬಿನಲ್ಲೇ ಬಿಗಿಹಿಡಿದು ದಿನವಿಡೀ ಕೂರುವವನು. ತಲೆಗೆ ಪಟ್ಟಿ ಸುತ್ತಿ ಗಾಜು ಕಟ್ಟಿಕೊಳ್ಳುವವರನ್ನು ಕಂಡರೆ ಅವನಿಗೆ ತಾತ್ಸಾರ. ತೊಂದರೆಯೆಂದರೆ ಹಣೆಯ ಜಿಡ್ಡು. ಎಷ್ಟು ಸೋಪು ತಿಕ್ಕಿದರೂ ಅಂಗಡಿ ತೆರೆಯುವಷ್ಟರಲ್ಲಿ ಮಿರಮಿರ. "ಕಿರುಗುಟ್ಟೋ ಬಾಗಿಲಿಗೆ ಬೇರೆ ಎಣ್ಣೆ ಯಾಕ್ರೀ, ನಿಮ್ಮ ಹಣೆ ಸಾಕು" ಎನ್ನುತ್ತಿದ್ದಳು ಅತ್ತೆ.

ಒಂದು ದಿನ ಆ ಜಿಡ್ಡಿಗೆ ಗಾಜು ಜಾರಿ, ಬಿಚ್ಚಿಟ್ಟ ವಾಚಿನೊಳಗೇ ಬಿದ್ದು, ಕೂದಲೆಳೆಯಂಥ ಸ್ಪ್ರಿಂಗ್ ಹಾಳಾಯಿತು. ಮಾವ ನೆಟ್ಟಗೆ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದ. ಕುತೂಹಲ ತಡೆಯದೆ ನಾನೂ ಬೆನ್ನುಬಿದ್ದೆ.

"ಸುಕ್ಕಿಗೆ ಹಾಕೋ ಬೊಟುಲಿನಮ್ ಇಂಜೆಕ್ಷನ್ನೇ ಚರ್ಮದ ಮೇಲ್ಪದರಕ್ಕೆ ಚುಚ್ಚಿದ್ರೆ ಜಿಡ್ಡು ಕಮ್ಮಿ ಆಗಬಹುದು. ಎಲ್ರಿಗೂ ಆಗುತ್ತೆ ಅಂತ ಮಾತು ಕೊಡಲ್ಲ" ಎಂದರು ಡಾಕ್ಟರಮ್ಮ.

"ಅದು ವಿಷ ಅಲ್ವಾ ಮೇಡಂ?" ಎಂದೆ ನಾನು.

"ವಿಷವೇ. ಹಾಕೋದು ಚೂರೇ ಚೂರು. ಆದ್ರೂ ಹಣೆ ಸ್ನಾಯು ಕೆಲವು ತಿಂಗಳು ಸಡಿಲ ಆಗಬಹುದು. ನಿಮ್ಮ ಕೆಲಸಕ್ಕೇನಾದ್ರೂ ತೊಂದರೆಯಾ?"

"ನನ್ನ ಕೆಲಸ ಎಲ್ಲಾ ಕೈಯಲ್ಲಿ" ಎಂದ ಮಾವ, ಜಂಬದಿಂದ.

ಹಣೆ ತುಂಬಾ ಸಣ್ಣ ಸೂಜಿಯ ಚುಚ್ಚುಗಳು ಬಿದ್ದವು. ಕೆಲವೇ ದಿನಗಳಲ್ಲಿ ಹಣೆ ಒಣಗಿತು. ನಾನು ಕರವಸ್ತ್ರದಿಂದ ಒರೆಸಿ ಒರೆಸಿ ನೋಡಿದೆ, ಒಂದು ಕಲೆಯಿಲ್ಲ! ಮಾವ ಬೀಗುತ್ತಾ ಅಂಗಡಿಗೆ ಹೋಗಿ ಗಾಜನ್ನು ಕಣ್ಣಿಗಿಟ್ಟ. ತೊಡೆಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಜಿಡ್ಡೇನೋ ಹೋಗಿತ್ತು, ಜೊತೆಗೆ ಹುಬ್ಬಿನ ಕಸುವೂ ಹೋಗಿತ್ತು. ಇಬ್ಬರೂ ಮತ್ತೆ ಆಸ್ಪತ್ರೆಗೆ ಓಡಿದೆವು.

"ತಾನಾಗೇ ಸರಿಹೋಗುತ್ತೆ, ಅಲ್ಲೀವರೆಗೆ ಪಟ್ಟಿ ಕಟ್ಕೊಳ್ಳಿ" ಎಂದರು ಡಾಕ್ಟರಮ್ಮ. ಮಾವ ಗಾಜನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೊರಟ.

ಮನೆಯಲ್ಲಿ ಅತ್ತೆ ಒಮ್ಮೆ ಅವನ ಮುಖ ನೋಡಿದಳು. ಏನಾಯಿತೆಂದು ಕೇಳುವ ರೂಢಿ ಅವಳಿಗಿರಲಿಲ್ಲ. ಮದುವೆಯಾದಾಗಿನಿಂದ ಅವನ ಚಿಂತೆ, ಸಿಟ್ಟು ಎಲ್ಲವನ್ನೂ ಹಣೆಯ ಗೆರೆಗಳಲ್ಲೇ ಓದಿಕೊಂಡವಳು. ಈಗ ಹಣೆ ನುಣ್ಣಗಿತ್ತು.

"ಸದ್ಯ, ಇವತ್ತು ಆರಾಮಾಗಿದ್ದೀರಿ" ಎಂದು ಅಡುಗೆಮನೆಗೆ ತಿರುಗಿದಳು.

ಹುಬ್ಬು ಗಂಟಿಕ್ಕಲು ಮಾವ ಹೆಣಗುತ್ತಿದ್ದುದು ನನಗೆ ಕಾಣುತ್ತಿತ್ತು. ಆಗಲಿಲ್ಲ. ಕೊನೆಗೆ ಅವನೇ ಬಾಯಿಬಿಟ್ಟ.

"ಹುಬ್ಬಿನ ಬಿಗಿ ಮತ್ತೆ ಬರದಿದ್ರೆ? ನನಗೆ ಭಯ ಆಗ್ತಿದೆ ಕಣೆ."

ಅತ್ತೆ ಗಕ್ಕನೆ ನಿಂತಳು. ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಒಲೆ ಆರಿಸಿ ಬಂದು, ಕುರ್ಚಿ ಎಳೆದು ಅವನೆದುರು ಕೂತಳು.

"ಹೇಳಿ" ಎಂದಳು, "ಪೂರ್ತಿ ಹೇಳಿ."