ಕ್ರೇನಕ್ಕನ ಮಧ್ಯಾಹ್ನದ ಊಟ

ಕ್ರೇನಕ್ಕ ಎಂದರೆ ಆ ಕಟ್ಟಡದ ಕೆಲಸದವರಿಗೆಲ್ಲ ಗೊತ್ತು. ಬೆಳಿಗ್ಗೆ ಏಣಿ ಹತ್ತಿ ಕ್ರೇನಿನ ತುದಿಯ ಗಾಜಿನ ಗೂಡು ಸೇರಿಕೊಂಡರೆ ಇಳಿಯುವುದು ಸಂಜೆಗೇ. ಊಟವೂ ಅಲ್ಲೇ. ಆ ಊಟವೇ ಅವಳ ತಲೆಗೆ ಹುಳ ಬಿಟ್ಟಿದ್ದು.

ಅವಳ ಗಂಡನದು ಬೇಕರಿ. ಬೆಳಕು ಹರಿಯುವ ಮೊದಲೇ ಅಂಗಡಿಗೆ ಹೊರಡುವಾಗ ಮೇಜಿನ ಮೇಲೆ ಡಬ್ಬಿ ಇಟ್ಟು ಹೋಗುತ್ತಿದ್ದ. ಹತ್ತಿಯಂಥ ಬಿಳಿ ಬ್ರೆಡ್ಡು, ನಡುವೆ ಧಾರಾಳವಾಗಿ ಜಾಮ್. ಮದುವೆಯಾದಾಗಿನಿಂದ ಒಂದು ದಿನವೂ ತಪ್ಪಿಲ್ಲ. ಇಂಥ ಗಂಡನಿಗೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ತಿನ್ನುವಾಗ ಸ್ವರ್ಗ. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು, ಆಮೇಲೆ ಹೊಟ್ಟೆ ಮತ್ತೆ ಚುರುಗುಟ್ಟುತ್ತಿತ್ತು. ಒಂದು ಮಧ್ಯಾಹ್ನ ತೂಕಡಿಕೆಯಲ್ಲಿ ಕೈ ಸಡಿಲಾಗಿ ಕಬ್ಬಿಣದ ಕಂತೆ ತೂಗಾಡಿತು. ಕೆಳಗಿದ್ದವರು ದಿಕ್ಕಾಪಾಲಾಗಿ ಓಡಿದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

"ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಮೇಲೆ ಕಳಿಸೋಕಾಗಲ್ಲಮ್ಮ," ಎಂದರು ಇಂಜಿನಿಯರು.

ಆ ಗೂಡೆಂದರೆ ಅವಳಿಗೆ ಪ್ರಾಣ. ರಾತ್ರಿ ನಿದ್ದೆಗೇನೂ ಕೊರತೆಯಿರಲಿಲ್ಲ. ಹಾಗಿದ್ದರೆ ಈ ತೂಕಡಿಕೆ ಎಲ್ಲಿಂದ?

ಅನುಮಾನ ಬ್ರೆಡ್ಡಿನ ಮೇಲೆ ಬಿತ್ತು. ಗಂಡ ಅತ್ತ ಹೋದೊಡನೆ ಇತ್ತ ಒಲೆ ಹಚ್ಚಿದಳು. ಬೇಯಿಸಿದ ಬಾರ್ಲಿ ಒಯ್ದ ದಿನ ಸಂಜೆಯವರೆಗೂ ಹಸಿವಿಲ್ಲ, ಆದರೆ ರುಚಿ ದೇವರಿಗೇ ಪ್ರೀತಿ. ಮರುದಿನ ಅದಕ್ಕೆ ಈರುಳ್ಳಿ, ನಿಂಬೆರಸ ಬಿತ್ತು. ಕಡಲೆಕಾಳು ಕಣ್ಣು ಮುಚ್ಚಲು ಬಿಡಲಿಲ್ಲ, ಹೊಟ್ಟೆ ಮಾತ್ರ ಗುಡುಗಿತು. ಓಟ್ಸ್ ಗಂಜಿ ಏಣಿ ಹತ್ತುವಾಗಲೇ ಚೆಲ್ಲಿ ಮಾನ ಕಳೆಯಿತು. ಕೆಂಪಕ್ಕಿ ಅನ್ನಕ್ಕೆ ಬೀನ್ಸ್ ಕಾಳು ಸೇರಿಸಿದರೆ ಹೇಗೆ? ಮುಸುಕಿನ ಜೋಳ? ಗೆಣಸು ಬೆಂದು ನೀರು ನೀರಾಗಿತ್ತು, ಆದರೂ ಅವತ್ತು ಒಂದಿಷ್ಟೂ ತೂಕಡಿಕೆ ಬರಲಿಲ್ಲ. ಯಾಕಿರಬಹುದು?

ಬ್ರೆಡ್ಡು ಈಗ ಸೀಟಿಯ ಪಾಲಾಗಿತ್ತು. ಸೀಟಿ ಎಂದರೆ ಕೆಳಗೆ ನಿಂತು ಅವಳಿಗೆ ಕೈಸನ್ನೆ ಮಾಡುವವನು. ನಾಲ್ಕು ದಿನ ಕಳೆಯುವುದರೊಳಗೆ ಅವನೇ ಆಕಳಿಸತೊಡಗಿದ.

"ಅಕ್ಕಾ, ನಿಮ್ಮ ಯಜಮಾನ್ರು ಇದಕ್ಕೆ ಏನ್ ಹಾಕ್ತಾರೆ? ತಿಂದ್ರೆ ಹಾಸಿಗೆ ನೆನಪಾಗುತ್ತೆ!"

ಅವಳು ಬಿದ್ದು ಬಿದ್ದು ನಕ್ಕಳು. ಮರುದಿನದಿಂದ ಅವನಿಗೂ ಬಾರ್ಲಿಯೇ.

ಛಾವಣಿಯ ಭಾರೀ ತೊಲೆ ಎತ್ತುವ ಕೆಲಸ ಮಧ್ಯಾಹ್ನಕ್ಕೇ ಬಂತು. ಇಂಜಿನಿಯರು ಕತ್ತೆತ್ತಿ ನಿಂತರು. ತೊಲೆ ಅಲುಗದೆ ಮೇಲೇರಿ ತನ್ನ ಜಾಗದಲ್ಲಿ ಕೂತಿತು. ಗೂಡು ಅವಳಿಗೇ ಉಳಿಯಿತು.

ಇನ್ನು ಗಂಡನಿಗೆ ಹೇಳುವುದೊಂದು ಬಾಕಿ. ಬೇಜಾರು ಮಾಡಿಕೊಂಡರೂ ಸರಿ, ಹೇಳಿಬಿಡಬೇಕೆಂದು ರಜೆಯ ದಿನ ಬೇಕರಿಗೇ ಹೋದಳು. ಮಧ್ಯಾಹ್ನದ ಹೊತ್ತು ಅವಳು ಅಲ್ಲಿಗೆ ಕಾಲಿಟ್ಟವಳೇ ಅಲ್ಲ. ಹಿಂಬದಿಯ ಕೋಣೆಯಲ್ಲಿ ಗಂಡ, ಆರುತ್ತಿದ್ದ ಭಟ್ಟಿಯಿಂದ ಸುಟ್ಟ ಗೆಣಸು ತೆಗೆದು ತಿನ್ನುತ್ತಿದ್ದ. ಪಕ್ಕದಲ್ಲಿ ಬಟ್ಟಲು ತುಂಬ ಬೆಂದ ಕಾಳು. ಅವಳನ್ನು ಕಂಡು ಪೆಚ್ಚಾದ.

"ನೀವು ಬ್ರೆಡ್ ತಿನ್ನಲ್ವಾ?"

"ದಿನಾ ಅದನ್ನೇ ನೋಡ್ತೀನಲ್ಲ, ಬೇಜಾರು ಕಣೇ. ತಿಂದ್ರೆ ನಿದ್ದೆ ಬೇರೆ ಬರುತ್ತೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ನಾನು ಅಷ್ಟೆತ್ತರದಲ್ಲಿ ಕೂತು ತೂಕಡಿಸ್ತಿದ್ದೆ ರೀ! ಒಂದ್ಮಾತು ಹೇಳ್ಬಾರ್ದಿತ್ತಾ?"

ಅವನ ಮುಖ ಬಿಳಿಚಿಕೊಂಡಿತು. "ನಂಗೆ ಚೆನ್ನಾಗಿ ಬರೋದು ಅದೊಂದೇ. ಅದಕ್ಕೇ ನಿಂಗೆ ಅದನ್ನೇ..." ಇನ್ನೊಂದು ಗೆಣಸಿನ ಸಿಪ್ಪೆ ಸುಲಿದು ಅವಳ ಕೈಗಿಟ್ಟ.

ಬೈಯುವುದಕ್ಕೆಂದೇ ಅವಳು ಬಾಯಿ ತೆರೆದಿದ್ದಳು. ತುತ್ತು ಒಳಗೆ ಹೋಯಿತು. ಬೆಲ್ಲದಂಥ ಗೆಣಸು, ಒಂದು ಹನಿ ನೀರಿಲ್ಲ. ಅಲ್ಲೇ ಅವನ ಎದುರಿಗೆ ನೆಲದ ಮೇಲೆ ಕೂತಳು.

"ಇದನ್ನ ಎಷ್ಟು ಹೊತ್ತು ಒಳಗಿಟ್ಟಿದ್ರಿ?"