ಮೊದಲು ಕುಣಿತ, ಆಮೇಲೆ ಶವಾಸನ

ಸಿಂಗಪುರದ ವುಡ್‌ಲ್ಯಾಂಡ್ಸ್‌ನ ಒಂದು ಶಾಲೆಯ ಲೈಬ್ರರಿಯಲ್ಲಿ ನನಗೆ ಕೆಲಸ. ಮಕ್ಕಳು ಊಟಕ್ಕೆ ಹೋದ ಹೊತ್ತಿನಲ್ಲಿ ಪುಸ್ತಕದ ಕಪಾಟುಗಳ ಸಂದಿಯಲ್ಲಿ ನಿಂತು ಬೆನ್ನು ಸಡಿಲ ಮಾಡಿಕೊಳ್ಳುವುದು ನನ್ನ ರೂಢಿ. ಒಂದು ಮಧ್ಯಾಹ್ನ ಹಾಗೆ ಬಗ್ಗಿ ಕಾಲ್ಬೆರಳು ಹಿಡಿದಿದ್ದಾಗ ಹಿಂದಿನಿಂದ ಜೋರಾದ ನಗು ಕೇಳಿಸಿತು. ತಿರುಗಿ ನೋಡಿದರೆ ನಮ್ಮ ಶಾಲೆಯ ಸಂಗೀತದ ಟೀಚರ್. ಐವತ್ತು ದಾಟಿದ, ಎತ್ತರದ ನಿಲುವಿನ ಆಫ್ರಿಕನ್ ಅಮೆರಿಕನ್ ಹೆಂಗಸು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಗುಡ್ ಮಾರ್ನಿಂಗ್‌ಗಿಂತ ಹೆಚ್ಚಿನ ಮಾತು ನಡೆದಿರಲಿಲ್ಲ.

"ಯೋಗ ಕಲಿಸ್ತೀರಾ?" ಎಂದು ಕೇಳಿದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿ ಉಳಿದುಕೊಂಡಿದೆ.

"ಬೆಂಗಳೂರಲ್ಲಿ ಕೋರ್ಸ್ ಮಾಡಿದ್ದೆ. ಕಲಿಸೋಕೆ ಟೈಮ್ ಸಿಕ್ಕಿಲ್ಲ."

"ಶನಿವಾರ ಬೆಳಿಗ್ಗೆ ಸಿಗುತ್ತೆ," ಎಂದರು, ನನ್ನ ಪರವಾಗಿ ತಾವೇ ತೀರ್ಮಾನಿಸಿದವರಂತೆ.

ಅವರಿದ್ದ ಕಾಂಡೋ ಅಪಾರ್ಟ್‌ಮೆಂಟಿನ ಸುತ್ತಮುತ್ತ ಅಮೆರಿಕದಿಂದ ಬಂದ ಕೆಲವು ಕಪ್ಪು ಹೆಂಗಸರಿದ್ದರು. ಕೆಲವರು ಟೀಚರುಗಳು, ಒಬ್ಬರು ಬ್ಯಾಂಕಿನವರು, ಉಳಿದವರು ಗಂಡನ ಕೆಲಸದ ಜೊತೆಗೆ ಇಲ್ಲಿಗೆ ಶಿಫ್ಟ್ ಆದವರು. ಹೆಚ್ಚಿನವರಿಗೆ ಬಿಪಿ ಇತ್ತು, ಇಲ್ಲವೇ ಸಕ್ಕರೆ ಕಾಯಿಲೆ. ಇವರಿಗಾಗಿ ಏನಾದರೂ ಮಾಡಬೇಕೆಂಬುದು ಸಂಗೀತದ ಟೀಚರರ ಹಟ.

ಮೊದಲ ಶನಿವಾರ ನಾನು ನಮ್ಮ ಮನೆಯಿರುವ ಸೆಂಗ್‌ಕಾಂಗ್‌ನಿಂದ ಬಸ್ಸು ಹಿಡಿದು ಅವರ ಕಾಂಡೋದ ಫಂಕ್ಷನ್ ರೂಮಿಗೆ ಹೋದೆ. ಕಲಿತದ್ದನ್ನೆಲ್ಲ ಶಿಸ್ತಾಗಿ ಒಪ್ಪಿಸಿದೆ: ಕಣ್ಣು ಮುಚ್ಚಿ, ಉಸಿರು ಗಮನಿಸಿ, ಮಾತು ಬೇಡ. ಹೆಂಗಸರು ಸೌಜನ್ಯದಿಂದ ಹೇಳಿದಂತೆ ಮಾಡಿದರು, ಸೌಜನ್ಯದಿಂದಲೇ ಥ್ಯಾಂಕ್ಸ್ ಹೇಳಿ ಹೋದರು. ಮುಂದಿನ ವಾರ ಬಂದವರು ಇಬ್ಬರೇ.

ನನಗೆ ಅವಮಾನವಾಯಿತು. "ಅವರಿಗೆ ಇಂಟರೆಸ್ಟ್ ಇಲ್ಲ ಅನ್ಸುತ್ತೆ," ಎಂದೆ.

"ಯಾಕೆ ಬರಲಿಲ್ಲ ಅಂತ ಅವರನ್ನೇ ಕೇಳೋಣ," ಎಂದರು ಟೀಚರ್.

ಕೇಳಿಯೂ ಕೇಳಿದರು, ಒಬ್ಬೊಬ್ಬರ ಮನೆಗೂ ಹೋಗಿ. ಒಂದೆರಡು ಕಡೆ ನಾನೂ ಜೊತೆಗಿದ್ದೆ. ಬ್ಯಾಂಕಿನವರು ಬಾಗಿಲಲ್ಲೇ ನಿಂತು ತಲೆ ಮುಟ್ಟಿ ತೋರಿಸಿದರು. "ಈ ಕೂದಲನ್ನ ನೇರ ಮಾಡಿಸೋಕೆ ಅರ್ಧ ದಿನ ಕೂತಿರ್ತೀನಿ. ಈ ಊರಿನ ಸೆಕೆಯಲ್ಲಿ ಒಂದು ಸಲ ಬೆವರಿದರೆ ಮತ್ತೆ ಸುರುಳಿ ಸುತ್ತಿಕೊಂಡು ಎಲ್ಲ ಹೋಯ್ತು. ಸೋಮವಾರ ಮೀಟಿಂಗಿಗೆ ಹೇಗೆ ಹೋಗಲಿ?" ಇನ್ನೊಬ್ಬರು, ದಪ್ಪ ಮೈಯವರು, ಒಂದು ಯೋಗ ಸ್ಟುಡಿಯೋಗೆ ಹೋಗಿದ್ದರಂತೆ. "ಎಲ್ಲರೂ ಸಣ್ಣಸಣ್ಣಗೆ ಇದ್ದರು. ಒಬ್ಬಳು ನನ್ನ ಜಡೆ ಮುಟ್ಟಿ ನೋಡ್ಲಾ ಅಂದಳು. ಮತ್ತೆ ಆ ಕಡೆ ಹೋಗಲಿಲ್ಲ."

ಟೀಚರ್ ಯಾರಿಗೂ ಉಪದೇಶ ಮಾಡಲಿಲ್ಲ. "ಸರಿ, ಕೂದಲನ್ನೂ ನೋಡ್ಕೊಳ್ಳೋಣ, ಹೃದಯಾನೂ ನೋಡ್ಕೊಳ್ಳೋಣ," ಎಂದಷ್ಟೇ ಹೇಳಿದರು. ಮುಂದಿನ ಶನಿವಾರಕ್ಕೆ ಒಂದು ಚೀಲ ತುಂಬ ರೇಷ್ಮೆಯಂತೆ ನುಣುಪಾದ ತಲೆವಸ್ತ್ರಗಳನ್ನು ತಂದಿಟ್ಟರು. ಏಸಿ ಜೋರಾಗಿ ಹಾಕಿಸಿದರು. ನೆಲದ ಮೇಲೆ ಕೂರಲಾಗದವರಿಗೆ ಗೋಡೆಯ ಪಕ್ಕ ಕುರ್ಚಿ ಹಾಕಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, "ಬೇಜಾರು ಮಾಡ್ಕೋಬೇಡಿ. ನೀವು ಅವರನ್ನ ಬಂದ ತಕ್ಷಣ ಸುಮ್ಮನಿರಿ ಅಂದ್ರಿ. ವಾರವೆಲ್ಲ ಆಫೀಸಲ್ಲಿ, ಮನೇಲಿ ಸುಮ್ಮನಿದ್ದು ಬಂದವರು ಅವರು. ಮೊದಲು ಕುಣೀಲಿ," ಎಂದರು.

ಹಾಡು ಹಾಕಿದರು. ಸಾಲಾಗಿ ನಿಂತು ಬಲಕ್ಕೆ ನಾಲ್ಕು ಹೆಜ್ಜೆ, ಎಡಕ್ಕೆ ನಾಲ್ಕು ಹೆಜ್ಜೆ, ಒಂದು ತಿರುವು, ಒಂದು ಚಪ್ಪಾಳೆ. ಅವರ ಮನೆಗಳ ಮದುವೆಯಲ್ಲಿ, ಹುಟ್ಟುಹಬ್ಬದಲ್ಲಿ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕುಣಿಯುವ ಕುಣಿತವದು. ಯಾರಿಗೂ ಕಲಿಸಬೇಕಾಗಲಿಲ್ಲ. ಒಬ್ಬರನ್ನೊಬ್ಬರು ಛೇಡಿಸಿದರು, ಕೂಗಿದರು. ಬ್ಯಾಂಕಿನವರು ತಲೆವಸ್ತ್ರ ಬಿಗಿಯಾಗಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಬಂದುಬಿಟ್ಟರು. ಕುರ್ಚಿಯಲ್ಲಿದ್ದವರು ಕೂತಲ್ಲೇ ಭುಜ ಕುಣಿಸಿದರು. ಬೆವರಿ, ನಕ್ಕು, ದಣಿದ ಮೇಲೆ ಟೀಚರ್ ನನ್ನ ಕಡೆ ನೋಡಿ, "ಈಗ ನಿಮ್ಮದು," ಎಂದರು. ಅವತ್ತು ಉಸಿರು ಗಮನಿಸಿ ಎಂದು ನಾನು ಹೇಳಬೇಕಾಗಲೇ ಇಲ್ಲ. ರೂಮಿನಲ್ಲಿ ಉಸಿರಾಟದ ಸದ್ದು ತಾನಾಗಿ ಕೇಳುತ್ತಿತ್ತು.

ಆಮೇಲೆ ವಾರವಾರವೂ ಜನ ಹೆಚ್ಚಾದರು. ಬಾರದವರಿಗೆ ಟೀಚರ್ ಫೋನ್ ಮಾಡುತ್ತಿದ್ದರು. ಬೈಯುತ್ತಿರಲಿಲ್ಲ, "ನೀನಿಲ್ಲದೆ ಎಡಗಡೆ ಸಾಲು ಖಾಲಿ ಕಾಣ್ತು," ಅನ್ನುತ್ತಿದ್ದರು. ಇಷ್ಟು ತಾಳ್ಮೆ ಇವರಿಗೆ ಎಲ್ಲಿಂದ ಬಂತೆಂದು ನನಗೆ ಬೆರಗಾಗುತ್ತಿತ್ತು.

ವರ್ಷ ತುಂಬುವಷ್ಟರಲ್ಲಿ ಅವರ ಮೊಣಕಾಲೇ ಕೈಕೊಟ್ಟಿತು. ಆಪರೇಷನ್ ಆಯಿತು. ನೋಡಲು ಹೋದರೆ, ಮಂಚದಲ್ಲಿ ದಿಂಬಿಗೆ ಒರಗಿ ಪಕ್ಕದ ಮಂಚದ ಚೀನೀ ಆಂಟಿಗೆ ಕೈ ಬೀಸುವುದನ್ನು ಕಲಿಸುತ್ತಿದ್ದರು. ಆಂಟಿ, ಆಗೋದಿಲ್ಲ ಎನ್ನಲು ಇಲ್ಲಿನವರ ಇಂಗ್ಲಿಷಿನಲ್ಲಿ, "ಅಯ್ಯೋ, ಕ್ಯಾನಾಟ್ ಲಾ!" ಎನ್ನುತ್ತಲೇ ಕೈ ಬೀಸುತ್ತಿದ್ದರು.

"ನೀವು ರೆಸ್ಟ್ ಮಾಡಬೇಕು," ಎಂದೆ.

ಅವರು ಕೈ ಬೀಸುವುದನ್ನು ನಿಲ್ಲಿಸಿದರು. ಆಮೇಲೆ ಮೊದಲ ಸಲ ತಮ್ಮ ಅಕ್ಕನ ವಿಷಯ ತೆಗೆದರು. ಅಕ್ಕ ನರ್ಸ್. ಹಗಲು ಆಸ್ಪತ್ರೆ, ಸಂಜೆ ಮನೆಮನೆಗೆ ಹೋಗಿ ಮುದುಕರ ಆರೈಕೆ. ತಂಗಿಯನ್ನು ಓದಿಸಿದ್ದೂ ಅವಳೇ. "ಎಲ್ಲರೂ ಅವಳನ್ನ ಗಟ್ಟಿಗಿತ್ತಿ ಅಂತಿದ್ದರು. ನಾನೂ ಅಂತಿದ್ದೆ. ಗಟ್ಟಿಗಿತ್ತಿಗೆ ಸುಸ್ತಾಗಿದೆಯಾ ಅಂತ ಯಾರು ಕೇಳ್ತಾರೆ ಹೇಳಿ? ಒಂದು ದಿನ ಹೃದಯ ನಿಂತುಹೋಯ್ತು." ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. "ಈ ಶನಿವಾರ ಕುಣಿತವನ್ನೂ ನೀವೇ ನಡೆಸಿ."

ನಾನು! ನಮ್ಮ ಮನೆಯ ಮದುವೆಗಳಲ್ಲೂ ಪಾನಕ ಹಂಚುತ್ತ ಓಡಾಡಿದವಳೇ ಹೊರತು ಕುಣಿದವಳಲ್ಲ. ಆದರೆ ಆ ಹೊತ್ತಿನಲ್ಲಿ ಇಲ್ಲ ಅನ್ನುವುದು ಹೇಗೆ? ಮನೆಗೆ ಬಂದು ಹಾಲ್‌ನಲ್ಲಿ ಸೋಫಾ ಸರಿಸಿ ಪ್ರ್ಯಾಕ್ಟೀಸ್ ಮಾಡಿದೆ. ಕಾಲೇಜಿಗೆ ಹೋಗುವ ಮಗಳು ನೋಡಿ ಹೊಟ್ಟೆ ಹಿಡಿದುಕೊಂಡಳು. "ಅಮ್ಮಾ, ಸ್ವಲ್ಪ ರಿಲ್ಯಾಕ್ಸ್ ಮಾಡು ಲಾ! ಡ್ರಿಲ್ ಮಾಡೋ ಥರ ಇದೆ." ನಕ್ಕು ಮುಗಿಸಿ ಅವಳೇ ಪಕ್ಕದಲ್ಲಿ ನಿಂತು ಸೊಂಟ ತಿರುಗಿಸುವುದು ಹೇಗೆಂದು ತೋರಿಸಿಕೊಟ್ಟಳು.

ಶನಿವಾರ ಮುಂದೆ ನಿಂತೆ. ಎರಡನೇ ತಿರುವಿನಲ್ಲೇ ಎಲ್ಲರೂ ಒಂದು ದಿಕ್ಕು, ನಾನೊಂದು ದಿಕ್ಕು. ರೂಮು ಗೊಳ್ಳೆಂದಿತು. ಸ್ಟುಡಿಯೋದಿಂದ ಬೇಸರವಾಗಿ ಬಂದಿದ್ದ ಆ ದಪ್ಪ ಮೈಯ ಹೆಂಗಸು ಮುಂದೆ ಬಂದು, "ನನ್ನ ಕಾಲು ನೋಡಬೇಡಿ, ಹಾಡು ಕೇಳಿ," ಎಂದು ನನ್ನ ಕೈ ಹಿಡಿದುಕೊಂಡರು. ಹಾಡು ಮುಗಿಯುವವರೆಗೂ ಬಿಡಲಿಲ್ಲ. ಹೀಗೇ ಎಡವುತ್ತ, ನಗುತ್ತ ತಿಂಗಳುಗಳು ಕಳೆದವು. ಕ್ಲಾಸು ಒಂದು ವಾರವೂ ನಿಲ್ಲಲಿಲ್ಲ.

ಟೀಚರ್ ಕೋಲೂರಿಕೊಂಡು ಮರಳಿ ಬಂದ ದಿನ ಚಪ್ಪಾಳೆಯೋ ಚಪ್ಪಾಳೆ. "ಇವತ್ತು ನಾನು ಸ್ಟೂಡೆಂಟ್," ಎಂದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ನಾನು ಅವಸರ ಮಾಡುತ್ತೇನೆಂದು ಅಲ್ಲಿಂದಲೇ ನಾಲ್ಕು ಬೈಗುಳ ಬಂದವು. ಕುಣಿತ ಮುಗಿದು ಶವಾಸನದ ಹೊತ್ತಿಗೆ ಎಲ್ಲರೂ ಸೇರಿ ಅವರಿಗೆ ಎರಡು ಮ್ಯಾಟು ಹಾಸಿ, ಮೊಣಕಾಲ ಕೆಳಗೆ ದಿಂಬಿಟ್ಟು ಮೆಲ್ಲಗೆ ಮಲಗಿಸಿದರು. ನಾನು ದೀಪ ಆರಿಸಿದೆ.

ಏಳುವ ಹೊತ್ತಾದಾಗ ಉಳಿದವರು ಎದ್ದರು, ಅವರು ಏಳಲಿಲ್ಲ. ಸಣ್ಣಗೆ ಗೊರಕೆ ಕೇಳಿಸಿತು. ನಾನು ಎಬ್ಬಿಸಲು ಬಗ್ಗಿದೆ. ಬ್ಯಾಂಕಿನವರು ನನ್ನ ತೋಳು ಹಿಡಿದು ಬೇಡವೆಂದು ತಲೆಯಾಡಿಸಿದರು. ಯಾರೂ ಮನೆಗೆ ಹೊರಡಲಿಲ್ಲ. ಮ್ಯಾಟುಗಳ ಮೇಲೆ ಕೂತೇ ಇದ್ದರು. ರೂಮ್ ಬುಕ್ ಮಾಡಿದ ಹೊತ್ತು ಮುಗಿಯಿತೆಂದು ಸೆಕ್ಯುರಿಟಿ ಅಂಕಲ್ ಬಾಗಿಲು ತೆಗೆದರು. ಅಷ್ಟೂ ಹೆಂಗಸರು ಒಟ್ಟಿಗೇ ಅವರತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಅಂಕಲ್ ಒಳಗೊಮ್ಮೆ ಇಣುಕಿ, ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೋದರು.