ನೇಸರಿಯ ಐದನೆಯ ಸಂಪುಟ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಶಿವಯೋಗೀಶ ಕುಬಸದ ಧಾರವಾಡದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಿಂತು, ಆಮ್ಲದ ಬಾಟಲಿಗಳಿದ್ದ ಕಪಾಟಿನೊಳಗೆ ಒಂದು ಕಾದಂಬರಿಯನ್ನು ಬಚ್ಚಿಡುತ್ತಿದ್ದ. ಆ ಕಪಾಟಿನ ಆವಿಗೆ ಕಾಗದದ ಅಂಚು ಕೆಲವೇ ತಿಂಗಳಲ್ಲಿ ಹಳದಿಯಾಗಿ ಪುಡಿಯಾಗತೊಡಗುತ್ತದೆ. ಅಲ್ಲಿ ಬಹಳ ವರ್ಷಗಳಿಂದ ಪ್ರಯೋಗಾಲಯದ ಬೋಧಕನಾಗಿರುವ ಅವನಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಆದರೆ ಅವನೊಬ್ಬನ ಬಳಿಯೇ ಕೀಲಿಯಿರುವ ಜಾಗ ಅದೊಂದೇ ಇತ್ತು.

ಪುಸ್ತಕ 'ಕರಿನೀರ ಸೀಮೆ' ಎಂಬ ಮಾಲೆಯ ಐದನೆಯ ಸಂಪುಟ. ಒಟ್ಟು ಆರು ಸಂಪುಟಗಳೆಂದು ಪ್ರಕಾಶಕರು ಮೊದಲೇ ಹೇಳಿದ್ದರು. ಕಥೆಯ ದೇಶದಲ್ಲಿ ವರ್ಷಕ್ಕೊಮ್ಮೆ ಕಪ್ಪು ನೀರು ಏರಿ ಬರುತ್ತದೆ. ಅದನ್ನು ತಡೆಯುವುದು ಏಳು ದೀಪದ ಗೋಪುರಗಳು. ಆರಿಹೋದ ಆ ದೀಪಗಳನ್ನು ಒಂದೊಂದಾಗಿ ಮತ್ತೆ ಹಚ್ಚುತ್ತ ಹೋಗುವ ಅಂಬಿಗರ ಹುಡುಗಿಯ ಹೆಸರು ನೇಸರಿ. ಮೊದಲನೆಯ ಸಂಪುಟ ಬಂದ ಮರುವರ್ಷ ಶಿವಯೋಗೀಶನಿಗೆ ಮಗಳು ಹುಟ್ಟಿದಳು. ಅವನು ಅವಳಿಗೆ ನೇಸರಿ ಎಂದೇ ಹೆಸರಿಟ್ಟ.

ಆ ಹೆಸರಿಡುವ ದಿನ ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅವನ ಅಕ್ಕ ಶಿವಲಿಂಗವ್ವ. ಅವಳು ಅಮ್ಮಿನಬಾವಿಯಿಂದ ಬಂದಿದ್ದಳು. ಹಿಂದೆ ನಿಂತ ಹೆಂಗಸರು, ಹೆಸರು ಹೇಳಿದ ಕೂಡಲೇ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಕೈ ಎತ್ತಿಕೊಂಡೇ ಇದ್ದರು, ಅವಳು ಮಾತ್ರ ತಲೆ ಎತ್ತಿ ತಮ್ಮನಿಗೆ ಒಂದು ಪ್ರಶ್ನೆ ಕೇಳಿದಳು. ಅವನು ಉತ್ತರ ಕೊಟ್ಟ. ಅವಳು ಬಾಗಿದಳು, ಗುದ್ದು ಬಿದ್ದವು, ಹೆಸರು ನಿಂತಿತು.

ಈಗ ಮಗಳಿಗೆ ಹನ್ನೆರಡು. ನವನಗರದ ಮನೆಯಿಂದ ಶಾಲೆಗೆ ಹೋಗುವ ಅವಳು ಹೊಸ ಶಿಕ್ಷಕರು ಯಾರೇ ಬಂದರೂ ಎದ್ದು ನಿಂತು, "ದೀಪ ಹಚ್ಚಿದಾಕಿ ಹೆಸರ್ರಿ ನಂದು" ಎನ್ನುತ್ತಿದ್ದಳು. ಕಳೆದ ಬೇಸಿಗೆ ರಜೆಯಲ್ಲಿ ನಾಲ್ಕೂ ಸಂಪುಟ ಓದಿ ಮುಗಿಸಿ, ಐದನೆಯದಕ್ಕಾಗಿ ದಿನಾ ಕೇಳುತ್ತಿದ್ದಳು.

ಐದನೆಯದನ್ನು ಶಿವಯೋಗೀಶ ಮೊದಲು ಓದಿದ. ಅದರ ಮೂವತ್ತೊಂದನೆಯ ಅಧ್ಯಾಯದಲ್ಲಿ ನೇಸರಿ ಬಿಳಿಗೋಡು ಎಂಬ ಪಟ್ಟಣದ ಹೆಬ್ಬಾಗಿಲನ್ನು ಹೊರಗಿನಿಂದ ಮುಚ್ಚಿಸುತ್ತಾಳೆ. ಒಳಗೆ ಇಡೀ ಊರಿದೆ. ಆಮೇಲೆ ತಾನೇ ಹಚ್ಚಿದ ದೀಪವನ್ನು ತಾನೇ ಆರಿಸಿ ಕಪ್ಪು ನೀರನ್ನು ಆ ಊರಿನ ಮೇಲೆ ಬಿಡುತ್ತಾಳೆ. ಹಾಗೆ ಮಾಡಿದರೆ ಉಳಿದ ಸೀಮೆ ಬದುಕುತ್ತದೆ ಎಂದು ಅವಳ ಲೆಕ್ಕ. ಬಾಗಿಲಿನ ಒಳಗಿನಿಂದ ಮಕ್ಕಳು ಅವಳ ಹೆಸರು ಹಿಡಿದು ಕೂಗುವ ಶಬ್ದ ನಾಲ್ಕು ಪುಟ ಕೇಳುತ್ತದೆ.

ಓದಿದ ದಿನ ಅವನು ಊಟ ಮಾಡಲಿಲ್ಲ. ಮರುದಿನ ಮಗಳು "ಪುಸ್ತಕ ಬಂತೇನಪಾ?" ಎಂದಾಗ, "ಇನ್ನಾ ಬಂದಿಲ್ಲವ್ವಾ ಪುಟ್ಟಿ" ಎಂದ. ಸುಳ್ಳು ಹೇಳಿ ಅವನಿಗೆ ರೂಢಿಯಿಲ್ಲ. ಅದಕ್ಕೇ ಅದನ್ನು ನೆಲ ನೋಡುತ್ತ ಹೇಳಿದ. ಒಂದು ವಾರ ಕಳೆದ ಮೇಲೆ ನೋಟರಿ ಒಬ್ಬರ ಹತ್ತಿರ ಹೋಗಿ, ಅಪ್ರಾಪ್ತ ಮಗುವಿನ ಹೆಸರು ಬದಲಿಸಲು ಏನೇನು ಬೇಕು ಎಂದು ವಿಚಾರಿಸಿ ಬಂದ. ಪ್ರಮಾಣಪತ್ರ, ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ಶಾಲೆಯ ದಾಖಲೆ, ಆಧಾರ್.

ಹೆಂಡತಿ ರಜನಿ ರೊಟ್ಟಿ ತಟ್ಟುತ್ತಲೇ ಇದನ್ನು ಕೇಳಿಸಿಕೊಂಡಳು. "ಹೊಸಾ ಹೆಸರ ಏನಂತ ಇಡಾವ್ರು? ಈ ಸಲ ಮುಗದಿರೋ ಪುಸ್ತಕದಾಗಿಂದ ಆರಸ್ರಿ."

"ಚಾಷ್ಟಿ ಮಾಡಬ್ಯಾಡ. ನಾಳೆ ಸಾಲ್ಯಾಗ ಯಾರರೆ ಓದಿದ್ರ? 'ಊರ ಮುಳುಗಿಸಿದಾಕಿ ಬಂದ್ಲು' ಅಂದ್ರ?"

"ಏಳನೇತ್ತಾ ಹುಡುಗರು ಆರುನೂರು ಪುಟದ ಪುಸ್ತಕ ಓದಿದ್ರ ಮಾಸ್ತರು ಪೇಢೆ ಹಂಚ್ತಾರ. ಹೆದರಬ್ಯಾಡ್ರಿ" ಎಂದಳು ರಜನಿ. ರೊಟ್ಟಿ ಮಗುಚಿ ಹಾಕಿದ ಮೇಲೆ ದನಿ ತಗ್ಗಿಸಿ, "ಆದ್ರ ಆಕಿ ಮುಂದ ಸುಳ್ಳ ಎಷ್ಟ ದಿನಾ ಹೇಳಾವ್ರು?" ಎಂದು ಕೇಳಿದಳು.

ಸಪ್ತಾಪುರದಲ್ಲಿ ಪಾಲ್ ಸರ್ ಅವರ ಮಹಡಿಯ ಕೋಣೆಯಲ್ಲಿ ತಿಂಗಳಿಗೊಂದು ರವಿವಾರ ಏಳೆಂಟು ಓದುಗರು ಸೇರುತ್ತಾರೆ. ಪಾಲ್ ಸರ್ ನಿವೃತ್ತ ಗಣಿತ ಶಿಕ್ಷಕರು. ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿ ಮಾಡಿ ಅವರ ಬದುಕೇ ಹಾಗಾಗಿದೆ. ಆ ಕೋಣೆಯ ಪದ್ಧತಿಯೂ ಅದೇ: ಚರ್ಚೆಗೆ ಮೊದಲು ಇಬ್ಬರು ನೂರಕ್ಕೆ ಇಷ್ಟು ಎಂದು ಅಂಕ ಹೇಳಬೇಕು. ಇಬ್ಬರ ನಡುವೆ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಆ ಪುಸ್ತಕದ ಬಗ್ಗೆ ಒಂದು ಮಾತೂ ಕೇಳಿರದ ಮೂರನೆಯವರು ಓದಿ ಅಂಕ ಕೊಡಬೇಕು. ಮೂರನೆಯವರದೇ ಕೊನೆ. ಕಲಿಸಿ ಬದುಕಿದವರೇ ಹೆಚ್ಚಿದ್ದ ಆ ಗುಂಪಿನಲ್ಲಿ ಯಾರಿಗೂ ಇದು ವಿಚಿತ್ರವೆನಿಸಿರಲಿಲ್ಲ.

ಆ ರವಿವಾರ ಶಿವಯೋಗೀಶ ಮಗಳನ್ನು ಬಿಟ್ಟು ಒಬ್ಬನೇ ಸ್ಕೂಟರಿನಲ್ಲಿ ಹೋದ. ಪ್ರತಿ ಸಲ ಅವಳೂ ಬರುತ್ತಿದ್ದಳು, ಪಾಲ್ ಸರ್ ಅವರ ಹೆಂಡತಿ ಈವ್ಲಿನ್ ಮಾಡುವ ಕೇಕಿನ ಆಸೆಗೆ.

"ಎಂಬತ್ತಾರು" ಎಂದರು ಪಾಲ್ ಸರ್.

"ಮೂವತ್ತೆಂಟು" ಎಂದ ಅಸ್ಫಾಕ. ಅವನದು ಅಲ್ಲೇ ಹತ್ತಿರ ಕನ್ನಡಕದ ಅಂಗಡಿ.

"ನಾಕು ಕಮ್ಮಿ ಹಾಕಿದ್ರ ನಪಾಸ ಮಾಡಿದಂಗ ಆಗ್ತಿತ್ತಲ್ಲೋ."

"ಮಾಡೂದಾ ಇತ್ರಿ ಸರ್. ಬರದಾವ್ರ ಮಾರಿ ನೋಡಿ ಬಿಟ್ಟೇನಿ. ಮೂರನೇ ಸಂಪುಟದಾಗ ಆ ಹುಡುಗಿ ಇರುವಿ ತುಳಿಲಿಕ್ಕೆ ಹೆದರ್ತಿದ್ಲು. ಇದ್ರಾಗ ಊರಿಗೂರು ಮುಳುಗಿಸಿ ಕೈ ತೊಳಕೊಂಡು ನಡದ್ಲು. ನಡುವ ಏನಾತು? ಮುನ್ನೂರು ಪುಟ ಬರೇ ದೋಣಿ ಹುಟ್ಟು ಹಾಕೂದು."

"ಆ ಮುನ್ನೂರು ಪುಟದಾಗ ಆಕಿ ಒಬ್ಬಾಕಿನ ಇದ್ಲಲ್ಲ. ಒಬ್ಬಾಕಿನ ಇದ್ದು ಇದ್ದು ಲೆಕ್ಕಾ ಮಾಡಾಕ ಕಲತ್ಲು. ಛಲೋ ಮಂದಿ ಕೆಟ್ಟ ಕೆಲಸ ಮಾಡೂದು ಹಿಂಗ, ಲೆಕ್ಕಾ ಹಾಕಿ. ಅದನ್ನ ಖರೇ ಬರದಾರ."

"ನಿಮಗ ಲೆಕ್ಕಾ ಕಂಡ್ರ ಸಾಕು, ಎಂಬತ್ತಾರು ಕೊಡ್ತೀರಿ."

ಎಲ್ಲರೂ ನಕ್ಕರು. ಆಮೇಲೆ ಮಾತು ಕಾವೇರಿತು. ಇದು ಮಾಲೆಯಲ್ಲೇ ದೊಡ್ಡ ಸಂಪುಟ ಎಂದು ಕೆಲವರು, ಹದಿಮೂರು ವರ್ಷದ ಪ್ರೀತಿಗೆ ಮಣ್ಣು ಹಾಕಿದರು ಎಂದು ಕೆಲವರು. ಶಿವಯೋಗೀಶನನ್ನು ಯಾರೋ ಕೇಳಿದರು. "ನಾ ಇನ್ನಾ ಮುಗಿಸಿಲ್ರಿ" ಎಂದ. ಅದು ಎರಡನೆಯ ಸುಳ್ಳು.

ಪಾಲ್ ಸರ್ ಮೇಜು ತಟ್ಟಿದರು. "ವ್ಯತ್ಯಾಸ ನಲವತ್ತೆಂಟು. ಮೂರನೇ ಮೌಲ್ಯಮಾಪನ. ಏನೂ ಕೇಳದಾವ್ರು ಯಾರದೀರಿ?"

ಯಾರೂ ಇರಲಿಲ್ಲ. ಫೋನಿನ ಗುಂಪಿನಲ್ಲಿ ಹದಿನೈದು ದಿನಗಳಿಂದ ಅದೇ ಜಗಳ ನಡೆದಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು. ನೇಸರಿ ನವನಗರದಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು.

"ನೀ ಏನರ ಕೇಳೀಯೇನವಾ ಐದನೇ ಸಂಪುಟದ ಬಗ್ಗೆ?" ಪಾಲ್ ಸರ್ ಕೇಳಿದರು.

"ಇಲ್ರೀ ಸರ್. ಅದು ಇನ್ನಾ ಬಂದಿಲ್ಲಂತ, ಅಪ್ಪಾ ಹೇಳ್ಯಾನ."

ಪಾಲ್ ಸರ್ ಅವರ ಪ್ರತಿ ಮೇಜಿನ ಮೇಲೇ ಇತ್ತು. ಕೋಣೆಯಲ್ಲಿದ್ದ ಎಲ್ಲರೂ ಮೊದಲು ಅದನ್ನು ನೋಡಿದರು, ಆಮೇಲೆ ಶಿವಯೋಗೀಶನನ್ನು. ಕೊನೆಗೆ ಹುಡುಗಿಯೂ ನೋಡಿದಳು. ಅಸ್ಫಾಕ ಕನ್ನಡಕ ತೆಗೆದು ಒರೆಸತೊಡಗಿದ. ವಿಷಯ ಅವನಿಗೆ ಹೊಳೆದಿತ್ತು. ಪಾಲ್ ಸರ್‌ಗೆ ಹೊಳೆಯಲಿಲ್ಲ. ಅವರ ಕಣ್ಣಿಗೆ ಕಂಡದ್ದು ನಿಯಮಕ್ಕೆ ಸರಿಹೊಂದುವ ಒಬ್ಬ ಮೌಲ್ಯಮಾಪಕಿ.

"ಬ್ಯಾಡ್ರಿ ಸರ್" ಎಂದ ಶಿವಯೋಗೀಶ. ದನಿ ಅವನಿಗೇ ಅಪರಿಚಿತವಾಗಿ ಕೇಳಿತು.

"ಪಾಲಕರು ಮೌಲ್ಯಮಾಪಕರ ಮ್ಯಾಲ ಒತ್ತಡ ತರಬಾರ್ದು" ಎಂದು ಅವರು ನಗುತ್ತ ಪುಸ್ತಕವನ್ನು ಅವಳ ಕೈಗಿಟ್ಟರು. "ಮುಂದಿನ ರವಿವಾರ ಬರೇ ಅಂಕ ಹೇಳಾಕ ಕೂಡೂಣು."

ಆ ವಾರ ನವನಗರದ ಮನೆಯಲ್ಲಿ ಮಾತು ಕಡಿಮೆಯಿತ್ತು. ಹುಡುಗಿ ಶಾಲೆಯಿಂದ ಬಂದು ಕಿಟಕಿಯ ಹತ್ತಿರ ಕುಳಿತು ಓದುತ್ತಿದ್ದಳು. ಪುಟಗಳ ನಡುವೆ ಅವಳು ಇಟ್ಟ ನವಿಲುಗರಿ ಎಷ್ಟು ದೂರ ಹೋಗಿದೆ ಎಂದು ಶಿವಯೋಗೀಶ ಅಡುಗೆಮನೆಯಿಂದಲೇ ಅಳೆಯುತ್ತಿದ್ದ. ಕುದಿಯುವ ದ್ರಾವಣದ ಮುಂದೆ ನಿಂತು ಬಣ್ಣ ಬದಲಾಗುವ ಹನಿಗಾಗಿ ಕಾಯುವುದು ಅವನ ವೃತ್ತಿ. ಆ ಕಾಯುವಿಕೆಯಲ್ಲಿ ಕೈ ಹನಿ ಬಿಡುವ ಗಾಜಿನ ಕೊಳವೆಯ, ಬ್ಯುರೆಟ್ಟಿನ, ತಿರುಪಿನ ಮೇಲಿರುತ್ತದೆ, ನಿಲ್ಲಿಸಬಹುದು. ಇಲ್ಲಿ ತಿರುಪು ಇರಲಿಲ್ಲ. ಒಮ್ಮೆ ಅವಳು ಸ್ನಾನಕ್ಕೆ ಹೋದಾಗ ಪುಸ್ತಕ ತೆಗೆದು, ಮೂವತ್ತೊಂದನೆಯ ಅಧ್ಯಾಯದ ಹಾಳೆಗಳನ್ನು ಬೆರಳುಗಳ ನಡುವೆ ಹಿಡಿದ. ಹರಿಯಲು ಒಂದು ಕ್ಷಣ ಸಾಕಿತ್ತು. ಬಾಗಿಲಲ್ಲಿ ರಜನಿ ನಿಂತಿದ್ದಳು. ಅವನು ಪುಸ್ತಕವನ್ನು ಇದ್ದಲ್ಲೇ ಇಟ್ಟ.

ಗುರುವಾರ ಸಂಜೆ ನವಿಲುಗರಿ ಆ ಅಧ್ಯಾಯವನ್ನು ದಾಟಿತ್ತು. ಹುಡುಗಿ ಊಟಕ್ಕೆ ಬಂದು ರೊಟ್ಟಿಯ ಜೊತೆ ಬದನೆಕಾಯಿ ಪಲ್ಲೆ ಹಾಕಿಸಿಕೊಂಡಳು. ಅವನು ಮಜ್ಜಿಗೆಯ ಲೋಟವನ್ನು ಅವಳತ್ತ ಸರಿಸಿ, "ಕುಡಿ ಪುಟ್ಟಿ" ಎಂದ.

"ನೀ ನನಗ ಪುಟ್ಟಿ ಅನ್ನಾಕ ಯಾವಾಗ ಸುರು ಮಾಡಿದಿ?"

ಅವನು ತಟ್ಟೆಯನ್ನೇ ನೋಡುತ್ತಿದ್ದ.

"ಮೊದಲ ಹೆಸರ ಹಿಡದು ಕರೀತಿದ್ದಿ. ಓಣಿಗೆಲ್ಲಾ ಕೇಳೂಹಂಗ ಕರೀತಿದ್ದಿ. ನಾನು ಏನರ ತಪ್ಪ ಮಾಡೇನಿ ಅಂತ ಅನಕೊಂಡಿದ್ದೆ. ಈಗ ಗೊತ್ತಾತು, ಮಾಡಿದಾಕಿ ಆಕಿ."

"ನಿನಗ ಬ್ಯಾಸರಾದೀತು ಅಂತ..."

"ಆಕಿ ಬಾಗಲಾ ಮುಚ್ಚಿದ್ಲು. ನೀ ನನ್ನ ಹೆಸರ ಬಿಟ್ಟಿ." ಅವಳು ಅಳಲಿಲ್ಲ. ಮಜ್ಜಿಗೆ ಕುಡಿಯದೆ ಎದ್ದು ಹೋದಳು. ಅತ್ತಿದ್ದರೆ ಏನು ಮಾಡಬೇಕೆಂದು ಶಿವಯೋಗೀಶ ಯೋಚಿಸಿಟ್ಟಿದ್ದ. ಅಳದಿದ್ದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

ರವಿವಾರ ಇಬ್ಬರೂ ಸ್ಕೂಟರಿನಲ್ಲಿ ಸಪ್ತಾಪುರಕ್ಕೆ ಬಂದರು. ದಾರಿಯುದ್ದಕ್ಕೂ ಅವಳು ಅವನ ಹೆಗಲು ಹಿಡಿಯದೆ ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ಮಹಡಿಯ ಕೋಣೆಯಲ್ಲಿ ಎಲ್ಲರೂ ಆಗಲೇ ಬಂದು ಕುಳಿತಿದ್ದರು. ವಿಷಯ ಪಾಲ್ ಸರ್ ಅವರಿಗೂ ಈಗ ತಿಳಿದಿತ್ತು. ಅವರು ವಾರದ ಹಿಂದಿನ ನಗುವಿಲ್ಲದೆ, "ಹೇಳಬೇಕಂತ ಏನಿಲ್ಲ ಮಗಳಾ" ಎಂದರು.

ನೇಸರಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಪುಸ್ತಕ ಛಲೋ ಐತ್ರಿ ಸರ್. ನಡುವ ಭಾಳ ಹುಟ್ಟು ಹಾಕ್ಯಾರ, ಅದೂ ಖರೇ. ಆದ್ರ ನಾ ಅಂಕಾ ಕೊಡಂಗಿಲ್ರಿ. ಇನ್ನಾ ಒಂದು ಸಂಪುಟ ಐತಿ. ಮುಗಿಯೂಕಿಂತ ಮೊದಲ ಅಂಕಾ ಕೊಟ್ರ ಏನಾಗ್ತೈತಿ ಅಂತ ನಮ್ಮ ಮನ್ಯಾಗ ನೋಡೇನಿ."

ಈವ್ಲಿನ್ ಕೇಕಿನ ತಟ್ಟೆ ಹಿಡಿದು ಒಳಬಂದವರು ಅಲ್ಲೇ ನಿಂತರು. ಹುಡುಗಿ ಕೇಕು ಮುಟ್ಟದೆ ಮೆಟ್ಟಿಲಿಳಿದಳು.

ಶಿವಯೋಗೀಶ ಕೆಳಗೆ ಬರುವಷ್ಟರಲ್ಲಿ ಅವಳು ಸ್ಕೂಟರನ್ನು ದಾಟಿ, ವಿದ್ಯಾರ್ಥಿಗಳು ತುಂಬಿದ ರಸ್ತೆಯಲ್ಲಿ ಬಸ್ಸು ನಿಲ್ದಾಣದ ಕಡೆ ನಡೆದಿದ್ದಳು.

"ನೇಸರಿ" ಎಂದು ಕರೆದ.

ಎಷ್ಟೋ ದಿನಗಳ ಮೇಲೆ ಆ ಶಬ್ದ ಅವನ ಬಾಯಿಂದ ಬಂದಿತ್ತು. ಬಾಡಿಗೆ ಕೋಣೆಯ ಮುಂದೆ ನಿಂತಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿದರು. ಅವಳು ನೋಡಲಿಲ್ಲ. ಇನ್ನೊಮ್ಮೆ ಕರೆದ, ಓಣಿಗೆಲ್ಲ ಕೇಳುವ ಹಾಗೆ. ಅವಳ ಕಾಲು ನಿಂತವು, ಮುಖ ತಿರುಗಲಿಲ್ಲ. ಅವನು ಹತ್ತಿರ ಹೋಗಿ, ಕೈ ಹಿಡಿಯುವ ಧೈರ್ಯ ಸಾಲದೆ, ಒಂದು ಮೊಳ ಹಿಂದೆ ನಿಂತ.

"ಅತ್ತಿ ಪ್ರತೀ ಸಲಾ ಹೇಳ್ತಾಳ, ತೊಟ್ಟಲದ ಮುಂದ ಆಕಿ ನಿನಗ ಕೇಳಿದ್ಲಂತ. ನೀ ಏನಂದಿ?" ತಿರುಗದೆಯೇ ಅವಳು ಕೇಳಿದಳು.

ಅವನಿಗೆ ಆ ದಿನ ಪೂರ್ತಿ ನೆನಪಿತ್ತು. ಬಾಗಿದ ಅಕ್ಕ, ಎತ್ತಿದ ಕೈಗಳು, ಕೂಸಿನ ಹಣೆಯ ಮೇಲಿನ ವಿಭೂತಿ. "ಪುಸ್ತಕ ಇನ್ನಾ ಮುಗದಿಲ್ಲ ಅಂತೀ, ಶಿವ್ಯಾ. ಮುಂದ ಆ ಹುಡುಗಿ ಕೆಟ್ಟಾಕಿ ಆದ್ರ, ನೀ ನನ್ನ ಸೊಸಿ ಕೈ ಬಿಡಂಗಿಲ್ಲ ಅಂತ ಎಷ್ಟು ಖಾತ್ರಿ ಐತಿ ನಿನಗ?" ಎಂದು ಅಕ್ಕ ಕೇಳಿದ್ದಳು. ಅವನು ಆಗ ನಕ್ಕಿದ್ದ. ವಿಜ್ಞಾನ ಓದಿದವನು, ಯಾವುದಕ್ಕೂ ಪೂರ್ತಿ ನೂರು ಕೊಡಬಾರದೆಂದು ಕಲಿತವನು. ಎಲ್ಲರಿಗೂ ಕೇಳುವಂತೆ ಹೇಳಿದ್ದ: "ನೂರಕ್ಕ ತೊಂಬತ್ತೆಂಟು."